ಉಳಿದ ಅರ್ಧ

ಕಪಾಟು ಚಲಿಸುತ್ತಿತ್ತು.

ತಾನಾಗಿ ಅಲ್ಲ. ಆ ಆಸ್ಪತ್ರೆಯ ನೆಲಮಾಳಿಗೆಯ ರೆಕಾರ್ಡ್ ರೂಮಿನಲ್ಲಿ ಕಪಾಟುಗಳು ಹಳಿಗಳ ಮೇಲೆ ನಿಂತಿವೆ. ತುದಿಯಲ್ಲೊಂದು ಚಕ್ರ. ಚಕ್ರ ತಿರುಗಿಸಿದರೆ ಆಳೆತ್ತರದ ಕಬ್ಬಿಣದ ಕಪಾಟುಗಳು ಒಂದಕ್ಕೊಂದು ಅಂಟಿಕೊಳ್ಳುತ್ತವೆ. ಜಾಗ ಉಳಿಯುತ್ತದೆ. ಒಳ್ಳೆಯ ವ್ಯವಸ್ಥೆ... ನಡುವೆ ಮನುಷ್ಯರಿಲ್ಲದಿದ್ದರೆ!

ನಡುವೆ ನಾನಿದ್ದೆ.

ಹಗಲು ಒಂದೂವರೆ ಗಂಟೆ. ಕೈಯಲ್ಲಿ ಕೆಂಪು ರಟ್ಟಿನ ಪುಸ್ತಕ. ಬೆನ್ನಿಗೆ ಒಂದು ಕಪಾಟು, ಎದುರಿಗೆ ಇನ್ನೊಂದು. ಒಂದು ಮಾರು ಅಗಲವಿದ್ದ ಓಣಿ ನೋಡನೋಡುತ್ತಲೇ ಒಂದು ಮೊಳಕ್ಕೆ ಇಳಿದಿತ್ತು.

"ಯಾರ್ರೀ ಅದು? ಒಳಗೆ ಜನ ಇದ್ದಾರೆ" ಎಂದೆ.

ಚಕ್ರ ನಿಂತಿತು. ಒಂದು ಉಸಿರಿನಷ್ಟು ಹೊತ್ತು.

ಮತ್ತೆ ತಿರುಗಿತು.

ಅಂದರೆ ಒಳಗೆ ಜನ ಇದ್ದಾರೆಂಬುದು ತಿರುಗಿಸುವವನಿಗೆ ಗೊತ್ತಿತ್ತು.

ಮೇಲಿನ ಫೈಲು ತೆಗೆಯಲು ಹತ್ತಿ ನಿಲ್ಲುವ ಉಕ್ಕಿನ ಸ್ಟೂಲೊಂದು ಕಾಲ ಬಳಿ ಇತ್ತು. ಒದ್ದು ಅಡ್ಡ ಕೆಡವಿದೆ. ಕಪಾಟು ಅದಕ್ಕೆ ಬಡಿದು ನಿಂತಿತು. ಸ್ಟೂಲಿನ ಕಾಲು ಕಿರ್ರೆಂದು ಬಾಗತೊಡಗಿತು. ಅದು ಎಷ್ಟು ಹೊತ್ತು ತಡೆದೀತು? ಗಣಿತ ಕಲಿಸಿದವಳಾದರೂ ಆ ಲೆಕ್ಕ ಹಾಕುವ ಮನಸ್ಸಾಗಲಿಲ್ಲ.

ನಾನು ಯಾರೆಂದು ಹೇಳಿಬಿಡುತ್ತೇನೆ. ಆಮೇಲೆ ನಿಮಗೆ ಗೊಂದಲ ಬೇಡ. ಹದಿನೆಂಟು ವರ್ಷ ಹೈಸ್ಕೂಲಿನಲ್ಲಿ ಗಣಿತ ಕಲಿಸಿದೆ. ಈಗ ವೈದ್ಯಕೀಯ ಸಂಶೋಧನೆಗಳ ಅಂಕಿಅಂಶ ಪರೀಕ್ಷಿಸುತ್ತೇನೆ. ಡಾಕ್ಟರುಗಳು ಪ್ರಬಂಧ ಬರೆಯುತ್ತಾರೆ. ಅದರೊಳಗಿನದು ನಿಜವೋ ಸುಳ್ಳೋ ನೋಡಿ ಬಾ ಎಂದು ನೈತಿಕ ಸಮಿತಿ ನನ್ನನ್ನು ಕಳಿಸುತ್ತದೆ. ವಯಸ್ಸು ಐವತ್ತಮೂರು. ಬಲಮಂಡಿ ಮಾತು ಕೇಳುವುದಿಲ್ಲ. ಎಲ್ಲರೂ ನನ್ನನ್ನು ಟೀಚರ್ ಎಂದೇ ಕರೆಯುತ್ತಾರೆ. ಕೆಲವರು ಪ್ರೀತಿಯಿಂದ, ಹೆಚ್ಚಿನವರು ಹಲ್ಲು ಕಡಿದು.

ಈ ಸಲದ ಪ್ರಬಂಧ ಆ ಆಸ್ಪತ್ರೆಯ ಹೆರಿಗೆ ವಿಭಾಗದ ಮುಖ್ಯಸ್ಥರದು. ದೊಡ್ಡ ಪ್ರೊಫೆಸರ್. ಪ್ರಸೂತಿ ಮತ್ತು ಸ್ತ್ರೀರೋಗಗಳ ಬಗ್ಗೆ ನೂರಿಪ್ಪತ್ತು ಲೇಖನ, ಎರಡು ಪಠ್ಯಪುಸ್ತಕ, ಗೋಡೆ ತುಂಬ ಫಲಕ.

ವಿಷಯ ಸರಳ. ಮಗು ಹುಟ್ಟಿದ ಕೂಡಲೇ ತಾಯಿಗೆ ಒಂದು ಚುಚ್ಚುಮದ್ದು ಕೊಡುತ್ತಾರೆ. ಗರ್ಭಕೋಶ ಬಿಗಿದುಕೊಂಡು ರಕ್ತ ನಿಲ್ಲುತ್ತದೆ. ಅಲ್ಲಿನ ವಾಡಿಕೆಯ ಪ್ರಮಾಣ ಎರಡು ಆಂಪೂಲು, ಎಂದರೆ ಔಷಧಿ ತುಂಬಿದ ಎರಡು ಪುಟ್ಟ ಗಾಜಿನ ಶೀಷೆ. ಒಂದೇ ಸಾಕು, ಅರ್ಧ ಪ್ರಮಾಣದಲ್ಲೇ ಕೆಲಸ ನಡೆಯುತ್ತದೆ ಎಂಬುದು ಪ್ರೊಫೆಸರರ ಸಿದ್ಧಾಂತ. ಎಂಟು ತಿಂಗಳ ಅಧ್ಯಯನ. ಒಂಬೈನೂರ ಹನ್ನೆರಡು ಬಾಣಂತಿಯರು. ಎಲ್ಲರಿಗೂ ಅರ್ಧ. ರಕ್ತಸ್ರಾವ ಕಿಂಚಿತ್ತೂ ಹೆಚ್ಚಲಿಲ್ಲ. ತುರ್ತಾಗಿ ಇನ್ನೊಂದು ಆಂಪೂಲು ಬೇಕಾದದ್ದು ಹತ್ತೊಂಬತ್ತೇ ಜನರಿಗೆ.

ಅಂದು ಮಧ್ಯಾಹ್ನ ಮೂರಕ್ಕೆ ಐದನೇ ಮಹಡಿಯಲ್ಲಿ ಮಾರ್ಗಸೂಚಿ ಸಮಿತಿಯ ಸಭೆ. ಸದಸ್ಯರು ಕೈ ಎತ್ತಿದರೆ ಮುಗಿಯಿತು. ಮರುದಿನದಿಂದ ಎಲ್ಲ ಆಸ್ಪತ್ರೆಗಳ ಪ್ರತಿಯೊಂದು ಹೆರಿಗೆ ಕೋಣೆಯಲ್ಲೂ ಅರ್ಧ. ಆ ಪ್ರಮಾಣಕ್ಕೆ ಪ್ರೊಫೆಸರರ ಹೆಸರು.

ಹಿಂದಿನ ದಿನ ಬಂದವಳೇ ಮೊದಲು ನಾನು ತಕ್ಕಡಿ ನೋಡಿದೆ.

ನಗಬೇಡಿ. ರಕ್ತ ಹೀರಿದ ಬಟ್ಟೆಯನ್ನು ತೂಗಿ, ಒಣಬಟ್ಟೆಯ ತೂಕ ಕಳೆದು, ಎಷ್ಟು ರಕ್ತ ಹೋಯಿತೆಂದು ಬರೆಯುತ್ತಾರೆ. ಅಲ್ಲಿನ ತಕ್ಕಡಿ ಐದೈದು ಗ್ರಾಮಿಗೇ ಹೆಜ್ಜೆ ಇಡುವಂಥದ್ದು. ಎಸಿ ಕೋಣೆಯಲ್ಲಿ ಕುಳಿತು ಅಂಕಿ ಹುಟ್ಟಿಸುವವನಿಗೆ ಅದು ತಿಳಿದಿರುವುದಿಲ್ಲ. ಮುನ್ನೂರ ನಲವತ್ತೇಳು, ನಾನೂರ ಹನ್ನೆರಡು ಎಂದು ಗೀಚಿ ಸಿಕ್ಕಿಬೀಳುತ್ತಾನೆ. ಆ ಜಾಡು ಹಿಡಿದೇ ನಾನು ಇಬ್ಬರು ಘನವಿದ್ವಾಂಸರನ್ನು ಮನೆಗೆ ಕಳಿಸಿದ್ದೇನೆ.

ಇಲ್ಲಿ ಒಂಬೈನೂರ ಹನ್ನೆರಡೂ ಸೊನ್ನೆಯಲ್ಲಿ, ಇಲ್ಲವೇ ಐದರಲ್ಲಿ ಮುಗಿದಿದ್ದವು.

ಅಂಕಿಗಳು ನಿಜ. ಪ್ರೊಫೆಸರರಿಗೂ ಹಾಗೆಂದೇ ಹೇಳಿದೆ.

ನಾನು ಹೊರಡಬಹುದಿತ್ತು. ಮನಸ್ಸು ಒಪ್ಪಲಿಲ್ಲ. ಪರೀಕ್ಷೆಯಲ್ಲಿ ಕೆಲವು ಉತ್ತರಪತ್ರಿಕೆಗಳು ಬರುತ್ತಿದ್ದವು. ಉತ್ತರ ಸರಿ, ಹಂತಗಳೇ ಇಲ್ಲ. ಅಂಥದ್ದಕ್ಕೆ ನಾನು ಎಂದೂ ಅಂಕ ಕೊಟ್ಟವಳಲ್ಲ. ಎದುರಿಗೆ ಕೂರಿಸಿಕೊಂಡು, ಮತ್ತೆ ಮಾಡಿ ತೋರಿಸು ಎನ್ನುತ್ತಿದ್ದೆ.

ಅಧ್ಯಯನ ಮುಗಿದಿದ್ದರೂ ಆ ವಾರ್ಡಿನಲ್ಲಿ ಅರ್ಧದ ನಿಯಮವೇ ಮುಂದುವರಿದಿತ್ತು. ಹಾಗಾಗಿ ಆ ಬೆಳಿಗ್ಗೆ ಹೆರಿಗೆ ಕೋಣೆಯ ಮೂಲೆಯಲ್ಲಿ, ಒಂದು ಹಸಿರು ಗೌನು ತೊಟ್ಟು ಕುಳಿತುಬಿಟ್ಟೆ.

ಅಲ್ಲಿನ ರಾಜ್ಯ ಇನ್‌ಚಾರ್ಜ್ ಸಿಸ್ಟರ್‌ದು. ನಿವೃತ್ತಿಗೆ ಒಂದು ವರ್ಷ. ಅಗಲವಾದ ಅಂಗೈ, ಬೆಳ್ಳಗಾದ ಕೂದಲು, ಮೂವತ್ತೈದು ವರ್ಷದ ಅನುಭವ. ಮೇಜಿನ ಮೇಲಿದ್ದ ಹೆಂಗಸು ನೋವು ತಾಳಲಾರದೆ ಗಂಡನ ವಂಶವನ್ನೆಲ್ಲ ಜಾಲಾಡುತ್ತಿದ್ದಳು.

"ಬೈಯಮ್ಮ, ಚೆನ್ನಾಗಿ ಬೈ" ಎಂದರು ಸಿಸ್ಟರ್. "ಆದ್ರೆ ಆ ಉಸಿರನ್ನ ಕೆಳಗೆ ತಳ್ಳು. ಅವನೇನೂ ಓಡಿಹೋಗಲ್ಲ. ಹೊರಗೆ ಬೆಂಚಿನ ಮೇಲೆ ಗೊರಕೆ ಹೊಡೀತಿದ್ದಾನೆ."

ಆ ಹೆಂಗಸಿಗೆ ಅಳುವಿನ ನಡುವೆಯೇ ನಗು ಬಂತು. ಆ ನಗೆಯಲ್ಲೇ ಮಗುವೂ ಬಂತು.

ಮಗು ಅತ್ತಿತು. ಎಲ್ಲರ ಕಣ್ಣು ಮಗುವಿನ ಮೇಲೆ. ನನ್ನ ಕಣ್ಣು ಸಿಸ್ಟರ್ ಮೇಲೆ.

ಟ್ರೇಯಲ್ಲಿದ್ದ ಒಂದು ಆಂಪೂಲಿನ ಚುಚ್ಚುಮದ್ದು ಕೊಟ್ಟರು. ಕೊಟ್ಟದ್ದನ್ನು ಬರೆದರು. ಆಮೇಲೆ ಬಾಣಂತಿಯ ಹೊಟ್ಟೆಯನ್ನು ಬಲಗೈಯಿಂದ ಒತ್ತಿ ನೋಡುತ್ತ, ಎಡಗೈಯನ್ನು ಏಪ್ರನ್ನಿನ ಜೇಬಿಗೆ ಇಳಿಸಿದರು. ಇನ್ನೊಂದು ಸಿರಿಂಜು ಹೊರಬಂತು. ತೊಡೆಗೆ ತಾಕಿತು. ಮತ್ತೆ ಜೇಬಿಗೆ ಹೋಯಿತು.

ಬರೆಯಲಿಲ್ಲ!

ಹಂತ ಸಿಕ್ಕಿತು.

ಕಾರಿಡಾರಿನಲ್ಲಿ ಅಡ್ಡಗಟ್ಟಿ ಕೇಳಿದೆ. ಕನ್ನಡಕ ಬದಲಾಯಿಸಿಕೊಳ್ಳಿ ಟೀಚರ್ ಎಂದು ನಕ್ಕು ಹೊರಟರು. ಆದರೆ ಮನುಷ್ಯರು ನಕ್ಕು ತಪ್ಪಿಸಿಕೊಂಡ ಹಾಗೆ ಔಷಧಿ ತಪ್ಪಿಸಿಕೊಳ್ಳುವುದಿಲ್ಲ. ವಾರ್ಡಿಗೆ ಔಷಧಿ ಬೇಕಾದರೆ ಇಂಡೆಂಟ್ ಪುಸ್ತಕದಲ್ಲಿ ಬರೆದು ಫಾರ್ಮಸಿಗೆ ಕಳಿಸಬೇಕು. ತಿಂಗಳ ಕೊನೆಗೆ ವಿಭಾಗದ ಮುಖ್ಯಸ್ಥರು ಅದಕ್ಕೆ ಸಹಿ ಹಾಕಬೇಕು. ಹಳೆಯ ಪುಸ್ತಕಗಳು ರೆಕಾರ್ಡ್ ರೂಮಿಗೆ ಬರುತ್ತವೆ.

ಹೆರಿಗೆ ವಾರ್ಡಿನ ಪುಸ್ತಕ ನಾಶಪಡಿಸಬೇಕಾದ ಕಾಗದಗಳ ಕಟ್ಟಿನೊಳಗಿತ್ತು. ಅಧ್ಯಯನದ ಕಾಲದ ಲೆಕ್ಕವಿದ್ದ ಪುಸ್ತಕವನ್ನು ನಾಶಪಡಿಸುವ ಅವಸರ ಯಾರಿಗೆ?

ತೆರೆದೆ. ಹಿಂದಿನ ವರ್ಷ ಅದೇ ಎಂಟು ತಿಂಗಳಲ್ಲಿ ವಾರ್ಡಿನ ತುರ್ತು ಪೆಟ್ಟಿಗೆಗೆ ಹೋದದ್ದು ನಲವತ್ತು ಆಂಪೂಲು. ಈ ಎಂಟು ತಿಂಗಳಲ್ಲಿ ಒಂಬೈನೂರಕ್ಕೂ ಹೆಚ್ಚು. ಆರನೇ ತಿಂಗಳ ಅಂಚಿನಲ್ಲಿ, ಹಸಿರು ಶಾಯಿಯಲ್ಲಿ, ಪ್ರೊಫೆಸರರದೇ ಕೈಬರಹ: "ಇಷ್ಟೊಂದು ಏಕೆ?" ಏಳನೇ ತಿಂಗಳು, ಎಂಟನೇ ತಿಂಗಳು... ಪ್ರಶ್ನೆ ಇಲ್ಲ. ಬರೀ ಸಹಿ.

ಆರನೇ ತಿಂಗಳಲ್ಲೇ ಅವರಿಗೆ ಅನುಮಾನ ಬಂದಿತ್ತು. ಎಂಟು ಮುಗಿದ ಮೇಲೆ ಪ್ರಬಂಧ ಕಳಿಸಿದರು.

ಅಷ್ಟರಲ್ಲಿ ಕಪಾಟು ಚಲಿಸಿತು.

"ಟೀಚರ್" ಎಂಬ ಧ್ವನಿ ಚಕ್ರದ ಕಡೆಯಿಂದ ಬಂತು. ಮೆತ್ತಗಿನ ಧ್ವನಿ. ಅಧ್ಯಯನದ ಡೇಟಾ ಮ್ಯಾನೇಜರ್. ಎಂಥ ಸೆಕೆಯಲ್ಲೂ ಟೈ ಬಿಚ್ಚದ ಆಸಾಮಿ. ಅವನನ್ನು ನಾನು ಮನಸ್ಸಿನಲ್ಲೇ ನೆಕ್‌ಟೈ ಎಂದು ಕರೆಯುತ್ತಿದ್ದೆ. "ಆ ಕೆಂಪು ಪುಸ್ತಕ ಈಚೆ ಎಸೆದುಬಿಡಿ. ನಾನು ಹೋಗ್ತೀನಿ. ನಿಮಗೂ ಊಟದ ಹೊತ್ತು."

ಸ್ಟೂಲಿನ ಇನ್ನೊಂದು ಕಾಲು ಬಾಗಿತು.

ನನ್ನ ಎದೆಯ ಮಟ್ಟದ ಸಾಲಿನಲ್ಲಿ ಮೂಳೆ ವಿಭಾಗದ ಇಂಡೆಂಟ್ ಪುಸ್ತಕಗಳಿದ್ದವು. ಅವೂ ಕೆಂಪೇ. ಎಲ್ಲ ವಾರ್ಡಿನದೂ ಕೆಂಪೇ. ವಾರ್ಡಿನಲ್ಲಿ ಒಂದು ದಿನ ಕೆಲಸ ಮಾಡಿದ ಯಾರಾದರೂ ಒಂದು ಹಾಳೆ ತಿರುವಿ ಹೇಳಿಯಾರು. ನೆಕ್‌ಟೈ ಕಂಡದ್ದು ಪರದೆಯ ಮೇಲಿನ ಅಂಕಿಗಳನ್ನು ಮಾತ್ರ. ಒಂದನ್ನು ಎಳೆದು ಎಸೆದೆ. ಅವನು ಬಗ್ಗಿ ಎತ್ತಿಕೊಂಡ ಸದ್ದಾಯಿತು. ಬಾಗಿಲು ಮುಚ್ಚಿತು. ಹೊರಗಿನಿಂದ ಬೀಗ ಬಿತ್ತು.

ನಾನು ಹೊರಬಂದ ರೀತಿಯನ್ನು ವಿವರವಾಗಿ ಹೇಳಲಾರೆ. ಅದರಲ್ಲಿ ಗೌರವವೇನೂ ಇರಲಿಲ್ಲ. ಕಪಾಟಿಗೆ ಹಿಂಬದಿಯ ತಗಡು ಇರಲಿಲ್ಲ. ಕೆಳಸಾಲಿನ ಫೈಲುಗಳನ್ನು ಆಚೆ ತಳ್ಳಿ, ಆ ಕಿಂಡಿಯಲ್ಲಿ ತೆವಳಿದೆ. ಮಂಡಿ ಬಾಯಿಗೆ ಬಂದಂತೆ ಬೈಯಿತು.

ಎರಡು ಗಂಟೆ ಹತ್ತು ನಿಮಿಷ.

ಮೊಬೈಲಿಗೆ ಸಿಗ್ನಲ್ ಇಲ್ಲ. ಗೋಡೆಯ ಮೇಲೆ ಒಳಗಿನ ಫೋನು. ಮಾರ್ಗಸೂಚಿ ಸಮಿತಿಯ ಕಚೇರಿಗೆ ಮಾಡಿದೆ. ಯಾರೂ ಎತ್ತಲಿಲ್ಲ, ಎಲ್ಲ ಸಭೆಯ ಸಿದ್ಧತೆಯಲ್ಲಿದ್ದರು. ಸೆಕ್ಯುರಿಟಿಗೆ ಮಾಡಿದೆ. ನೀವು ಆಗಲೇ ಹೊರಟು ಹೋದಿರಂತಲ್ಲ, ಡೇಟಾ ಸಾರ್ ಹೇಳಿದರು, ಕೀಲಿಯೂ ಅವರ ಹತ್ತಿರವೇ ಇದೆ ಎಂದರು. ಇನ್ನೊಂದು ಕೀಲಿ ಎಲ್ಲಿ ಎಂದೆ. ಹೆರಿಗೆ ವಾರ್ಡಿನಲ್ಲಿ ಎಂಬ ಉತ್ತರ ಬಂತು. ಬಸುರಿಯರು ಹೊತ್ತು ನೋಡಿ ಬರುವುದಿಲ್ಲ; ಹಳೆಯ ಫೈಲು ಯಾವಾಗಲಾದರೂ ಬೇಕಾಗುತ್ತದೆ. ಆದ್ದರಿಂದ ಒಂದು ಕೀಲಿ ಇನ್‌ಚಾರ್ಜ್ ಸಿಸ್ಟರ್ ಸೊಂಟದಲ್ಲೇ ಇರುತ್ತದೆ.

ಕೇಳಿದಿರಲ್ಲ? ನನ್ನನ್ನು ಹೊರಗೆ ಬಿಡಬಲ್ಲವರು ಒಬ್ಬರೇ. ನಾನು ಹೊರಬಂದರೆ ಮುಳುಗುವವರೂ ಅವರೇ.

ಸುಳ್ಳು ಹೇಳಿ ಕರೆಯಬಹುದಿತ್ತು. ಫೈಲು ಬೇಕು, ಬೀಗ ತಾನಾಗಿ ಬಿತ್ತು ಎನ್ನಬಹುದಿತ್ತು. ಹದಿನೆಂಟು ವರ್ಷ ಮಕ್ಕಳಿಗೆ ಸುಳ್ಳು ಹೇಳಬೇಡಿ ಎಂದು ಪಾಠ ಹೇಳಿದ ಬಾಯಿ ಇದು. ಅದರಿಂದ ಆ ಮಾತು ಹೊರಡಲಿಲ್ಲ.

"ಸಿಸ್ಟರ್, ಇಂಡೆಂಟ್ ಪುಸ್ತಕ ನನ್ನ ಕೈಲಿದೆ. ನೀವು ಬಾಗಿಲು ತೆಗೆದ್ರೆ ನಾನು ನೇರ ಸಭೆಗೆ ಹೋಗ್ತೀನಿ. ನಿಮ್ಮ ಕೆಲಸ ಹೋಗುತ್ತೆ."

ಆ ಕಡೆ ಯಾವುದೋ ಮಗು ಅಳುತ್ತಿತ್ತು. 

"ಕೇಳಿಸ್ತಿದೆಯಾ?"

"ಕೇಳಿಸ್ತಿದೆ. ನಾನ್ಯಾಕೆ ತೆಗೀಬೇಕು ಟೀಚರ್? ಒಬ್ಬಳೂ ಸತ್ತಿಲ್ಲ ನನ್ನ ವಾರ್ಡಲ್ಲಿ."

ನನಗೆ ಸಿಟ್ಟು ಬಂತು. ಒಳ್ಳೆಯವರ ಮೇಲೆ ಬರುವ ಸಿಟ್ಟು ಬೇರೆಯೇ. ಅದು ಬೇಗ ಇಳಿಯುವುದಿಲ್ಲ.

"ನಿಮ್ಮ ವಾರ್ಡಲ್ಲಿ ಸತ್ತಿಲ್ಲ. ಯಾಕೆ? ನಿಮ್ಮ ಜೇಬಿತ್ತು. ಅದನ್ನ ಬರೀದೆ ಬಿಟ್ರಿ, ಅರ್ಧವೇ ಸಾಕಾಯ್ತು ಅಂತ ಅವರು ಬರ್ಕೊಂಡ್ರು. ನಾಳೆಯಿಂದ ಉಳಿದೆಲ್ಲ ಆಸ್ಪತ್ರೆಲೂ ಅರ್ಧ ಕೊಡ್ತಾರೆ. ಅಲ್ಲೆಲ್ಲ ನಿಮ್ಮ ಜೇಬು ಎಲ್ಲಿದೆ ಸಿಸ್ಟರ್?"

ಫೋನು ಕಟ್ಟಾಯಿತು.

ಎರಡು ಇಪ್ಪತ್ತು. ಎರಡೂವರೆ. ಎರಡು ನಲವತ್ತು.

ಬಾಗಿಲಿಗೆ ಹೆಗಲು ಕೊಟ್ಟು ನೋಡಿದೆ. ಅದು ನನಗಿಂತ ಗಟ್ಟಿಯಿತ್ತು. ಕಾಯುವುದೊಂದೇ ಉಳಿದಿತ್ತು. ಅಷ್ಟು ಹೊತ್ತು ನಾನು ಯಾರ ಬಗ್ಗೆಯೂ ಒಳ್ಳೆಯದನ್ನು ಯೋಚಿಸಲಿಲ್ಲ ಎಂಬುದನ್ನು ಮುಚ್ಚಿಡುವುದಿಲ್ಲ.

ಎರಡು ನಲವತ್ತಮೂರಕ್ಕೆ ಬೀಗದಲ್ಲಿ ಕೀಲಿ ತಿರುಗಿತು.

ಸಿಸ್ಟರ್ ನಿಂತಿದ್ದರು. ಪಕ್ಕದಲ್ಲಿ ಒಂದು ಸ್ಟ್ರೆಚರ್.

"ಒಂದು ಹೆರಿಗೆ ಇತ್ತು. ಮುಗಿಸಿ ಬಂದೆ" ಎಂದರು, ತಡವಾದದ್ದಕ್ಕೆ ಕಾರಣ ಹೇಳುವವರಂತೆ. "ಆ ಟೈ ಮನುಷ್ಯ ಲಿಫ್ಟ್ ಹತ್ರ ನಿಂತಿದ್ದಾನೆ. ಪುಸ್ತಕ ಬೇರೆ ಅಂತ ಗೊತ್ತಾಗಿದೆ ಅವನಿಗೆ, ನಮ್ಮ ನರ್ಸಿಗೇ ತೋರಿಸಿ ಕೇಳ್ದ. ಮಲಗಿ."

"ಎಲ್ಲಿ?"

"ಇದರ ಮೇಲೆ. ಪುಸ್ತಕ ಹೊಟ್ಟೆ ಮೇಲೆ ಇಟ್ಕೊಳ್ಳಿ. ಕೂಗೋದು ಬರುತ್ತಾ?"

ಹೀಗೆ ಐವತ್ತಮೂರನೇ ವಯಸ್ಸಿನಲ್ಲಿ ನಾನು ತುಂಬು ಗರ್ಭಿಣಿಯಾದೆ. ಪುಸ್ತಕದ ಮೇಲೊಂದು ದಿಂಬು. ಮೇಲೆ ತಲೆತನಕ ಬಿಳಿ ಹೊದಿಕೆ. ಗಾಲಿಗಳು ಕಿರುಗುಟ್ಟುತ್ತ ಹೊರಟವು. ದಾರಿಯುದ್ದಕ್ಕೂ ಸಿಸ್ಟರ್ ತಗ್ಗಿದ ದನಿಯಲ್ಲಿ ಹೇಳುತ್ತ ಹೋದರು. ಅಧ್ಯಯನದ ಮೊದಲ ವಾರ ಹನ್ನೊಂದು ಹೆರಿಗೆಯಾದವು. ಅರ್ಧವೇ ಕೊಟ್ಟರು. ಇಬ್ಬರಿಗೆ ರಕ್ತ ನಿಲ್ಲಲಿಲ್ಲ. ಒಬ್ಬಳನ್ನು ಉಳಿಸಲು ಗರ್ಭಕೋಶವನ್ನೇ ತೆಗೆಯಬೇಕಾಯಿತು. ಇಪ್ಪತ್ತೆರಡು ವರ್ಷದವಳು. ಪ್ರೊಫೆಸರರ ಕೋಣೆಗೆ ಹೋಗಿ ನಿಲ್ಲಿಸಿ ಎಂದು ಕೇಳಿಕೊಂಡರಂತೆ. ಎರಡನ್ನು ಸಂಖ್ಯೆ ಎನ್ನಲಾಗದು ಸಿಸ್ಟರ್, ಒಂಬೈನೂರು ಆಗಲಿ ನೋಡೋಣ ಎಂದರಂತೆ ಅವರು. ಹನ್ನೆರಡನೆಯವಳಿಂದ ಸಿಸ್ಟರ್ ಉಳಿದ ಅರ್ಧವನ್ನು ತಾವೇ ಕೊಡತೊಡಗಿದರು. ರಜೆ ಹಾಕದೆ, ರಾತ್ರಿಯೂ ವಾರ್ಡಿನಲ್ಲೇ ಮಲಗಿ, ಒಂದು ಹೆರಿಗೆಯನ್ನೂ ಬಿಡಲಿಲ್ಲವಂತೆ. ಆರನೇ ತಿಂಗಳಲ್ಲಿ ಪ್ರೊಫೆಸರರು ಒಮ್ಮೆ ವಾರ್ಡಿಗೆ ಬಂದು, ತುರ್ತು ಪೆಟ್ಟಿಗೆಯ ಮುಂದೆ ನಿಂತು, ಇವರ ಜೇಬನ್ನೇ ನೋಡಿ, ಏನೂ ಕೇಳದೆ ಹೋದರಂತೆ.

ಕೇಳಿದರೆ ಉತ್ತರ ಬರುತ್ತದೆ. ಉತ್ತರ ಬಂದರೆ ಪ್ರಬಂಧ ಹೋಗುತ್ತದೆ. ವಿದ್ಯೆ ಕಲಿತವರ ಮೌನಕ್ಕಿಂತ ಹೇಸಿಗೆಯದನ್ನು ನಾನು ಕಂಡಿಲ್ಲ.

ಲಿಫ್ಟ್ ಬಂತು. ಬೂಟುಗಾಲಿನ ಸದ್ದೂ ಹತ್ತಿರ ಬಂತು.

"ಸಿಸ್ಟರ್, ರೆಕಾರ್ಡ್ ರೂಮ್ ಕಡೆ ಯಾರನ್ನಾದ್ರೂ ನೋಡಿದ್ರಾ?" ನೆಕ್‌ಟೈ. "ಇದ್ಯಾರು?"

ನಾನು ಕೂಗಿದೆ. ಮಂಡಿಯನ್ನು ನೆನೆದುಕೊಂಡೆ; ನಟಿಸಬೇಕಾಗಲಿಲ್ಲ.

"ರಕ್ತ ಹೋಗ್ತಿದೆ. ಹೊದಿಕೆ ತೆಗೀಲಾ? ಸ್ವಲ್ಪ ಹಿಡ್ಕೋತೀರಾ ಈ ಕಡೆ?" ಎಂದರು ಸಿಸ್ಟರ್.

ಒಂಬೈನೂರ ಹನ್ನೆರಡು ಹೆಂಗಸರ ರಕ್ತವನ್ನು ಕೋಷ್ಟಕದಲ್ಲಿ ಕೂಡಿ ಕಳೆದ ಮನುಷ್ಯ ಎರಡು ಹೆಜ್ಜೆ ಹಿಂದೆ ಸರಿದ. ಬೂಟಿನ ಸದ್ದು ದೂರವಾಯಿತು. ಲಿಫ್ಟಿನ ಬಾಗಿಲು ಮುಚ್ಚಿತು.

ಎರಡು ಐವತ್ತೆಂಟು.

ಐದನೇ ಮಹಡಿ. ಉದ್ದನೆಯ ಮೇಜು, ಹನ್ನೊಂದು ಜನ ಸದಸ್ಯರು, ಪರದೆಯ ಮೇಲೆ ನೀಟಾದ ಗ್ರಾಫು. ಮೂರು ದಾಟಿತ್ತು, ಪ್ರೊಫೆಸರರು ಮಾತು ಆರಂಭಿಸಿದ್ದರು. ಧೂಳು ಮೆತ್ತಿಕೊಂಡ ನಾನು ಒಳಗೆ ಕಾಲಿಟ್ಟಾಗ ಅವರು ನಕ್ಕರು. ನಮ್ಮ ಟೀಚರ್ ಬಂದರು, ಅಂಕಿಗಳೆಲ್ಲ ಸರಿಯಿವೆ ಎಂದು ಅವರೇ ನಿನ್ನೆ ಒಪ್ಪಿದ್ದಾರೆ ಎಂದು ಎಲ್ಲರಿಗೂ ಕೇಳುವಂತೆ ಹೇಳಿದರು.

ಸರಿಯಿವೆ ಎಂದೆ. ಆದರೆ ಅವು ಅರ್ಧ ಪ್ರಮಾಣದ ಅಂಕಿಗಳಲ್ಲ, ಪೂರ್ತಿ ಪ್ರಮಾಣದವು ಎಂದೆ. ಪುಸ್ತಕವನ್ನು ಅಧ್ಯಕ್ಷೆಯ ಮುಂದಿಟ್ಟೆ. ಅವರು ಎಪ್ಪತ್ತು ದಾಟಿದ ಹೆರಿಗೆ ತಜ್ಞೆ. ಒಂದೊಂದೇ ಹಾಳೆಯನ್ನು ಬೆರಳು ಒದ್ದೆ ಮಾಡಿಕೊಂಡು ತಿರುವಿದರು.

ಪ್ರೊಫೆಸರರು ಬೆದರಲಿಲ್ಲ. ಆಂಪೂಲುಗಳು ಒಡೆಯುತ್ತವೆ, ಅವಧಿ ಮೀರುತ್ತವೆ, ಪುಸ್ತಕದಲ್ಲಿ ಬರೆದ ಮಾತ್ರಕ್ಕೆ ಬಾಣಂತಿಯ ಮೈ ಸೇರಿದವೆಂದು ಹೇಳುವುದು ಹೇಗೆ ಎಂದರು. ನ್ಯಾಯವಾದ ಪ್ರಶ್ನೆಯೇ.  ನಾನು ಕಂಡದ್ದು ಒಂದೇ ಒಂದು ಸಿರಿಂಜು. ಒಂದನ್ನು ಅವರು ಸಂಖ್ಯೆ ಎನ್ನುವುದಿಲ್ಲ.

ಬಾಗಿಲ ಬಳಿಯಿಂದ ಮಾತು ಬಂತು.

"ನಾನೇ ಕೊಟ್ಟೆ. ಒಂಬೈನೂರ ಒಂದು ಜನಕ್ಕೆ. ನನ್ನ ಕೈಯಾರೆ."

ಸಿಸ್ಟರ್ ಒಳಗೆ ಬಂದು ಏಪ್ರನ್ನಿನ ಜೇಬಿನಿಂದ ಒಂದು ಚಿಕ್ಕ ಡೈರಿ ತೆಗೆದು ಪುಸ್ತಕದ ಪಕ್ಕದಲ್ಲಿಟ್ಟರು. ದಿನಾಂಕ, ಹೊತ್ತು, ಹಾಸಿಗೆಯ ಸಂಖ್ಯೆ. ಎಲ್ಲ ಇತ್ತು. ವಾರ್ಡಿನ ಪುಸ್ತಕದಲ್ಲಿ ಬರೆಯದವರು ಮನಸ್ಸು ತಡೆಯದೆ ತಮ್ಮ ಪುಸ್ತಕದಲ್ಲಿ ಬರೆದಿದ್ದರು.

ಪ್ರೊಫೆಸರರ ನಗು ಆಗ ಹೋಯಿತು. ಧ್ವನಿ ಮಾತ್ರ ಇನ್ನೂ ಮೃದುವಾಗಿಯೇ ಇತ್ತು.

"ಯೋಚನೆ ಮಾಡಿ ಮಾತಾಡಿ ಸಿಸ್ಟರ್. ಒಂಬೈನೂರು ಹೆಂಗಸರಿಗೆ ಆದೇಶ ಇಲ್ಲದೆ ಔಷಧಿ ಚುಚ್ಚಿದ್ದೀರಿ. ಕೆಲಸ ಒಂದೇ ಅಲ್ಲ, ನಿಮ್ಮ ನೋಂದಣಿನೂ ಹೋಗುತ್ತೆ. ಕೇಸ್ ಆಗುತ್ತೆ."

"ಗೊತ್ತು ಸಾರ್. ಕೆಳಗಿಂದ ಬರ್ತಾ ಅದನ್ನೇ ಯೋಚನೆ ಮಾಡ್ತಿದ್ದೆ."

ಅಧ್ಯಕ್ಷೆ ಅಂಚಿನ ಹಸಿರು ಶಾಯಿಯನ್ನು ಓದಿದರು. ಕನ್ನಡಕ ತೆಗೆದರು.

"ಇಷ್ಟೊಂದು ಏಕೆ ಅಂತ ಕೇಳಿದ್ದೀರಿ ಡಾಕ್ಟ್ರೇ. ಯಾರು ಏನಂತ ಉತ್ತರ ಕೊಟ್ಟರು?"

ಪ್ರೊಫೆಸರರು ಪರದೆಯತ್ತ ನೋಡಿದರು. ಗ್ರಾಫು ಅಲ್ಲೇ ಇತ್ತು. ಅದು ಅವರ ಸಹಾಯಕ್ಕೆ ಬರಲಿಲ್ಲ.

ಯಾರೂ ಕೈ ಎತ್ತಲಿಲ್ಲ.

ಅರ್ಧದ ಮಾತು ಅಲ್ಲಿಗೇ ಬಿದ್ದುಹೋಯಿತು. ಪ್ರಬಂಧವನ್ನು ಅಚ್ಚು ಹಾಕಿದ್ದ ವೈದ್ಯಕೀಯ ಪತ್ರಿಕೆ ಹಿಂತೆಗೆದುಕೊಂಡಿತು. ಪ್ರೊಫೆಸರರು ದೀರ್ಘ ರಜೆಯಲ್ಲಿದ್ದಾರೆ. ಫಲಕಗಳು ಗೋಡೆಯಲ್ಲೇ ಇವೆ. ಚಕ್ರ ತಿರುಗಿಸುವಾಗ ಒಳಗೆ ಯಾರಾದರೂ ಇರಬಹುದೆಂದು ತನಗೆ ಹೊಳೆಯಲೇ ಇಲ್ಲವೆಂದು ನೆಕ್‌ಟೈ ಬರೆದುಕೊಟ್ಟಿದ್ದಾನೆ. ಪೊಲೀಸರು ಅದನ್ನು ಓದುತ್ತಿದ್ದಾರೆ.

ಸಿಸ್ಟರ್?

ಅಂದು ಸಂಜೆಯೇ ಅಮಾನತು. ಉಲ್ಲಂಘನೆ ಕಂಡರೆ ವರದಿ ಬರೆಯಬೇಕಾದವಳು ನಾನು. ಬರೆದೆ. ಒಂದಕ್ಷರವನ್ನೂ ಮೆದುಗೊಳಿಸಲಿಲ್ಲ. ಆದೇಶ ಮೀರಿದ್ದು ನಿಜ, ಮುಚ್ಚಿಟ್ಟದ್ದು ನಿಜ, ಆ ಮುಚ್ಚಿಟ್ಟದ್ದರಿಂದ ಒಂದು ಸುಳ್ಳು ಐದನೇ ಮಹಡಿಯವರೆಗೆ ಏರಿದ್ದೂ ನಿಜ. ವಿಚಾರಣೆಯ ದಿನ ಅವರಿಗಾಗಿ ಏನಾದರೂ ಹೇಳಿ ಎಂದು ವಾರ್ಡಿನ ನರ್ಸುಗಳು ನನ್ನನ್ನು ಹಿಡಿದುಕೊಂಡರು. ಹೇಳುವುದನ್ನೆಲ್ಲ ವರದಿಯಲ್ಲೇ ಹೇಳಿದ್ದೇನೆ ಎಂದೆ. ಕಲ್ಲು ಮನಸ್ಸಿನವಳು ಎಂದು ಅವರು ಬೆನ್ನ ಹಿಂದೆ ಅಂದದ್ದು ಕೇಳಿಸಿತು.

ಅವರು ವರದಿಯ ಕೊನೆಯ ಪುಟ ನೋಡಿರಲಿಲ್ಲ. ಅಲ್ಲಿ ಅಚ್ಚು ಹಾಕಿದ ಒಂದು ಪ್ರಶ್ನೆಯಿರುತ್ತದೆ: ಈ ಉಲ್ಲಂಘನೆಯಿಂದ ಹಾನಿಗೊಳಗಾದವರ ಸಂಖ್ಯೆ ಎಷ್ಟು, ಅವರು ಯಾರು?

ಒಂದು, ಎಂದು ಬರೆದೆ. ಯಾರು ಎಂಬುದರ ಮುಂದೆ, ಉಲ್ಲಂಘಿಸಿದವರು.